ಟಿವಿ ಇಷ್ಟು ಅಗ್ಗವಾದ ಮೇಲೂ ಹಾಡು-ಸಿನಿಮಾದ ಖರ್ಚು ಯಾಕೆ ಇಳಿದಿಲ್ಲ? ಲೆಕ್ಕ ಹೇಗೆ ಹಾಕಬೇಕು?

ಪ್ರಶ್ನೆ ಕೇಳಿದವರು: ಲೆಕ್ಕದಪುಸ್ತಕ

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪ ಮನೆಯ ಖರ್ಚನ್ನೆಲ್ಲ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅವರ ನಂತರ ಆ ಕೆಲಸ ನನಗೆ ಬಂತು. ನಾನು ಸ್ಪ್ರೆಡ್‌ಶೀಟ್‌ನಲ್ಲಿ ಬರೆಯುತ್ತೇನೆ, ಅಷ್ಟೇ ವ್ಯತ್ಯಾಸ. ಈಚೆಗೆ ಎರಡನ್ನೂ ಮುಂದಿಟ್ಟುಕೊಂಡು, ಹಾಡು ಕೇಳುವುದಕ್ಕೆ, ಸಿನಿಮಾ ಮತ್ತು ಟಿವಿ ನೋಡುವುದಕ್ಕೆ ನಮ್ಮ ಮನೆ ಮಾಡಿದ ಖರ್ಚನ್ನು ಮಾತ್ರ ಬೇರೆ ತೆಗೆದು ಒಂದೇ ಪಟ್ಟಿ ಮಾಡಿದೆ. ರೇಡಿಯೋ, ಟೇಪ್ ರೆಕಾರ್ಡರ್, ಕ್ಯಾಸೆಟ್, ಕಪ್ಪು-ಬಿಳುಪು ಟಿವಿ, ಕಲರ್ ಟಿವಿ, ವಿಸಿಆರ್, ಸಿಡಿ ಪ್ಲೇಯರ್, ಡಿವಿಡಿ, ಹೋಂ ಥಿಯೇಟರ್ ಸೆಟ್, ಎಲ್‌ಇಡಿ ಟಿವಿ, ಇಯರ್‌ಬಡ್, ಓಟಿಟಿ ಚಂದಾ, ಎಲ್ಲ ಇದೆ. ರಿಪೇರಿ ಖರ್ಚೂ ಇದೆ. ಅಪ್ಪ ರೇಡಿಯೋಗೆ ಹಾಕಿದ ಸೆಲ್ಲನ್ನೂ ಬಿಡದೆ ಬರೆದಿದ್ದಾರೆ.

ಪಟ್ಟಿ ನೋಡುತ್ತಾ ಹೋದರೆ ಒಂದೊಂದು ಕಾಲಕ್ಕೂ ಒಂದೊಂದು ರೂಪ ಇದೆ. ರೇಡಿಯೋ ಕಾಲದಲ್ಲಿ ಒಂದು ದೊಡ್ಡ ಮೊತ್ತ, ಆಮೇಲೆ ವರ್ಷಗಟ್ಟಲೆ ಬರೀ ಸೆಲ್ಲು. ಕಲರ್ ಟಿವಿ ಬಂದಾಗ 2 ತಿಂಗಳ ಸಂಬಳಕ್ಕಿಂತ ಜಾಸ್ತಿ ಹೋಗಿದೆ, ಅದೂ ಕಂತಿನಲ್ಲಿ. ಆ ಕಂತುಗಳ ಸಾಲುಗಳನ್ನು ನೋಡಿದರೆ ಅಪ್ಪ ಎಷ್ಟು ಯೋಚನೆ ಮಾಡಿ ಅದನ್ನು ತಂದಿರಬೇಕು ಅಂತ ಅನಿಸುತ್ತದೆ. ಯಾಕೆಂದರೆ ಆ ವರ್ಷ ಬಟ್ಟೆಬರೆಯ ಖರ್ಚು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಟಿವಿ ಬಂದ ಮೇಲೆ ರಿಪೇರಿ ಸಾಲುಗಳು ಶುರುವಾಗುತ್ತವೆ. ಟ್ಯೂನರ್ ಒಮ್ಮೆ, ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್ ಒಮ್ಮೆ, ಪಿಕ್ಚರ್ ಟ್ಯೂಬ್ ಒಮ್ಮೆ. ಅದಾದ ಮೇಲೆ ವಿಡಿಯೋ ಕ್ಯಾಸೆಟ್ ಬಾಡಿಗೆ. ವಾರಕ್ಕೊಂದು ಸಣ್ಣ ಮೊತ್ತ, ಪುಟ ತುಂಬ ಅದೇ.

ಈಗ ನಮ್ಮ ಮನೆಯಲ್ಲಿ ಇರುವ ಟಿವಿ ಆ ಕಲರ್ ಟಿವಿಗಿಂತ ಎಷ್ಟೋ ಪಟ್ಟು ದೊಡ್ಡದು. ಅದಕ್ಕೆ ಕೊಟ್ಟದ್ದು ಒಂದು ತಿಂಗಳ ಸಂಬಳದಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಟಿವಿಗಳ ಬೆಲೆ ಶೇ. 95ಕ್ಕಿಂತ ಜಾಸ್ತಿ ಇಳಿದಿದೆ ಅಂತ ಎಲ್ಲ ಕಡೆ ಓದುತ್ತೇನೆ. ಆದರೆ ನನ್ನ ಪಟ್ಟಿಯಲ್ಲಿ ವರ್ಷದ ಒಟ್ಟು ಖರ್ಚನ್ನು ಆ ವರ್ಷದ ಆದಾಯದ ಜೊತೆ ಇಟ್ಟು ನೋಡಿದರೆ ಅಂಥ ಇಳಿಕೆಯೇ ಕಾಣುವುದಿಲ್ಲ. ಕೆಲವು ಈಚಿನ ವರ್ಷಗಳಲ್ಲಂತೂ ಏರಿದೆ. ದೊಡ್ಡ ಸಾಲುಗಳು ಮಾಯವಾಗಿವೆ, ಸಣ್ಣ ಸಾಲುಗಳು ತಿಂಗಳು ತಿಂಗಳು ಬರುತ್ತಿವೆ.

ಇದನ್ನು ನಾನು ಸುಮ್ನೆ ಕುತೂಹಲಕ್ಕೆ ಮಾಡುತ್ತಿಲ್ಲ. ಮುಂದಿನ 10 ವರ್ಷಕ್ಕೆ ಮನೆಯ ಬಜೆಟ್ ಹಾಕಬೇಕು, ಅದರಲ್ಲಿ ಈ ಬಾಬ್ತಿಗೆ ಎಷ್ಟು ಇಡಬೇಕು ಅಂತ ತಿಳಿಯಬೇಕು. ನನಗೆ ಕಷ್ಟವಾಗಿರುವುದು ಇದು: 30 ವರ್ಷದ ಹಿಂದಿನ ಹಣವನ್ನು ಇಂದಿನ ಹಣದ ಜೊತೆ ಹೋಲಿಸುವುದು ಹೇಗೆ? ಇಂಟರ್‌ನೆಟ್ ಬಿಲ್ಲನ್ನು ಇದರಲ್ಲಿ ಸೇರಿಸಬೇಕಾ? ಫೋನಿನಲ್ಲೇ ಹಾಡು ಕೇಳುತ್ತೇವೆ, ಹಾಗಾದರೆ ಫೋನ್ ಯಾವ ಲೆಕ್ಕಕ್ಕೆ? ಬೆಲೆ ಅಷ್ಟು ಇಳಿದಿದೆ ಅನ್ನುವ ಮಾತು ಮತ್ತು ನನ್ನ ಪುಸ್ತಕ, ಎರಡೂ ನಿಜ ಆಗುವುದು ಹೇಗೆ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.


ಉತ್ತರ: ಸೂಚ್ಯಂಕ

ಲೆಕ್ಕದಪುಸ್ತಕ ಅವರೇ, ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ನಾನು ಬೆಲೆ ಸೂಚ್ಯಂಕದ ಕೆಲಸದಲ್ಲಿ ಬಹಳ ವರ್ಷ ಇದ್ದವನು. ನೇರವಾಗಿ ಹೇಳುತ್ತೇನೆ: ಎರಡೂ ನಿಜ. ಯಾಕೆಂದರೆ ಅವು ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ. ಬೆಲೆ ಸೂಚ್ಯಂಕ ಕೇಳುವುದು "ಅದೇ ವಸ್ತು ಈಗ ಎಷ್ಟು?" ಅಂತ. ನಿಮ್ಮ ಪುಸ್ತಕ ಹೇಳುವುದು "ಜೇಬಿನಿಂದ ಎಷ್ಟು ಹೋಯಿತು?" ಅಂತ.

ಶೇ. 95ರ ಮಾತು ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕದ್ದು. 1990ರ ದಶಕದ ಕೊನೆಯಿಂದ ಅಲ್ಲಿ ಟಿವಿಗಳ ಸೂಚ್ಯಂಕ ಅಷ್ಟಕ್ಕಿಂತ ಜಾಸ್ತಿ ಇಳಿದಿದೆ. ಅದು ಸುಳ್ಳಲ್ಲ. ಆದರೆ ಅಂಗಡಿಯಲ್ಲಿ ಅಂಟಿಸಿದ ಚೀಟಿಯ ಬೆಲೆ ಅಷ್ಟು ಇಳಿಯಿತು ಅಂತ ಅದರ ಅರ್ಥವಲ್ಲ. ಅದರೊಳಗೆ ಗುಣಮಟ್ಟದ ಹೊಂದಾಣಿಕೆ ಅಂತ ಒಂದು ಲೆಕ್ಕ ಇದೆ. ಉದಾಹರಣೆಗೆ, ಹೋದ ತಿಂಗಳು 43 ಇಂಚಿನ ಫುಲ್ ಎಚ್‌ಡಿ ಟಿವಿಯ ಬೆಲೆ 100 ಅಂತ ಬರೆದುಕೊಂಡಿದ್ದೇವೆ ಅಂದುಕೊಳ್ಳಿ. ಈ ತಿಂಗಳು ಆ ಮಾಡೆಲ್ ಸಿಗುವುದಿಲ್ಲ. ಅದರ ಜಾಗದಲ್ಲಿ 43 ಇಂಚಿನ 4ಕೆ ಟಿವಿ ಇದೆ, ಬೆಲೆ ಅದೇ 100. ನಿಮ್ಮ ಪುಸ್ತಕದಲ್ಲಿ ಏನೂ ಬದಲಾಗುವುದಿಲ್ಲ. ಆದರೆ ಹೆಚ್ಚಿನ ರೆಸಲ್ಯೂಷನ್‌ಗೆ ಜನ ಸಾಮಾನ್ಯವಾಗಿ 15 ಜಾಸ್ತಿ ಕೊಡುತ್ತಾರೆ ಅಂತ ಲೆಕ್ಕ ಸಿಕ್ಕರೆ, ಸೂಚ್ಯಂಕ ಹೊಸ ಟಿವಿಯ ಬೆಲೆಯನ್ನು 85 ಅಂತ ಹಿಡಿಯುತ್ತದೆ. ಹೀಗೆ ಮಾಡೆಲ್ ಬದಲಾದಾಗಲೆಲ್ಲ, 20-25 ವರ್ಷ ನಡೆದರೆ ಸೂಚ್ಯಂಕ ನೆಲ ಕಚ್ಚುತ್ತದೆ. ಮನೆಯವರು ಮಾತ್ರ ಪ್ರತಿ ಸಲ ಹೆಚ್ಚುಕಡಿಮೆ ಅಷ್ಟೇ ಹಣ ಕೊಟ್ಟು, ಇನ್ನೂ ದೊಡ್ಡದು ತಂದಿರುತ್ತಾರೆ.

ಚೀಟಿಯ ಬೆಲೆಯೂ ನಿಜವಾಗಿ ಇಳಿದಿದೆ, ಅದರಲ್ಲಿ ಅನುಮಾನ ಬೇಡ. 1997ರಲ್ಲಿ 42 ಇಂಚಿನ ಪ್ಲಾಸ್ಮಾ ಟಿವಿ ಮನೆಬಳಕೆಗೆ ಬಂದಾಗ ಬೆಲೆ 15,000 ಡಾಲರ್ ಹತ್ತಿರ ಇತ್ತು. ಇಳಿಕೆಯ ದೊಡ್ಡ ಕಾರಣ ಗಾಜು. ಎಲ್‌ಸಿಡಿ ಪ್ಯಾನೆಲ್‌ಗಳನ್ನು, ಅಂದರೆ ಟಿವಿಯ ಪರದೆಗಳನ್ನು, ಒಂದೊಂದಾಗಿ ಮಾಡುವುದಿಲ್ಲ. ದೊಡ್ಡ ಗಾಜಿನ ಹಾಳೆಯ ಮೇಲೆ ಒಟ್ಟಿಗೆ ಮಾಡಿ ಆಮೇಲೆ ಕತ್ತರಿಸುತ್ತಾರೆ. ಮೊದಮೊದಲು ಆ ಹಾಳೆ ಒಂದು ದಿನಪತ್ರಿಕೆಯ ಪುಟಕ್ಕಿಂತ ದೊಡ್ಡದಿರಲಿಲ್ಲ. ಈಗ 10.5ನೇ ಪೀಳಿಗೆಯ ಕಾರ್ಖಾನೆಗಳಲ್ಲಿ ಅದು 2.94 ಮೀಟರ್‌ಗೆ 3.37 ಮೀಟರ್. ಒಂದು ಹಾಳೆಯಲ್ಲಿ 65 ಇಂಚಿನ 8 ಪ್ಯಾನೆಲ್ ಬರುತ್ತವೆ. ಯಂತ್ರ ಓಡುವುದು ಒಂದೇ ಸಲ, ಕೈಗೆ ಬರುವುದು 8 ಟಿವಿ.

ಎರಡನೇ ಕಾರಣ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ಟಿವಿ ಮಾರುವವರಿಗೆ ಈಗ ಟಿವಿಯಿಂದಲೇ ಲಾಭ ಬರಬೇಕಾಗಿಲ್ಲ. ಅದರ ಹೋಂ ಸ್ಕ್ರೀನ್‌ನಲ್ಲಿ ಬರುವ ಜಾಹೀರಾತು, ಅದರ ಮೂಲಕ ಮಾಡಿದ ಚಂದಾದಲ್ಲಿ ಪಾಲು, ನಾವು ಏನು ನೋಡುತ್ತೇವೆ ಅನ್ನುವ ಮಾಹಿತಿ, ಇದರಿಂದ ಹಣ ಬರುತ್ತದೆ. ಅಮೆರಿಕದ ವಿಜಿಯೋ ಕಂಪನಿಗೆ 2021ರ ಹೊತ್ತಿಗೆ ಟಿವಿ ಮಾರಾಟಕ್ಕಿಂತ ಜಾಹೀರಾತು ಮತ್ತು ಸೇವೆಗಳಿಂದ ಬರುವ ಒಟ್ಟು ಲಾಭವೇ ಜಾಸ್ತಿಯಾಗಿತ್ತು. ಅಂದರೆ ಪೆಟ್ಟಿಗೆಯ ಬೆಲೆ ಇಳಿದದ್ದರಲ್ಲಿ ಸ್ವಲ್ಪ ಭಾಗ, ಬೇರೆ ದಾರಿಯಲ್ಲಿ ವಸೂಲಾಗುತ್ತಿದೆ.

ಹಳೇ ಹಣದ ಹೋಲಿಕೆಗೆ ನನ್ನ ಸಲಹೆ: ಹಣದುಬ್ಬರದ ಕೋಷ್ಟಕ ಹಿಡಿಯಬೇಡಿ, ದುಡಿಮೆಯ ದಿನ ಹಿಡಿಯಿರಿ. ಆ ವರ್ಷದ ಮನೆಯ ಆದಾಯವನ್ನು ದುಡಿದ ದಿನಗಳಿಂದ ಭಾಗಿಸಿ, ಆ ವಸ್ತುವಿಗೆ ಎಷ್ಟು ದಿನದ ದುಡಿಮೆ ಹೋಯಿತು ನೋಡಿ. 1954ರಲ್ಲಿ ಆರ್‌ಸಿಎ ಕಂಪನಿಯ ಮೊದಲ ಕಲರ್ ಟಿವಿ ಸಿಟಿ-100 ಬಂತು. ಬೆಲೆ 1,000 ಡಾಲರ್. ಆಗ ಅಮೆರಿಕದ ಕಾರ್ಖಾನೆ ಕೆಲಸಗಾರನ ಸರಾಸರಿ ಕೂಲಿ ಗಂಟೆಗೆ 2 ಡಾಲರ್‌ಗಿಂತ ಕಡಿಮೆ. ಅಂದರೆ 500 ಗಂಟೆಗೂ ಜಾಸ್ತಿ ದುಡಿಮೆ, ವಾರಕ್ಕೆ 40 ಗಂಟೆಯಂತೆ 12 ವಾರ ದಾಟುತ್ತದೆ. ಅದೇ ವರ್ಷ ಬಂದ ರೀಜೆನ್ಸಿ ಟಿಆರ್-1 ಟ್ರಾನ್ಸಿಸ್ಟರ್ ರೇಡಿಯೋ 49.95 ಡಾಲರ್. ಅದು ಒಂದು ವಾರಕ್ಕಿಂತ ಕಡಿಮೆ ದುಡಿಮೆಯಲ್ಲಿ ಸಿಗುತ್ತಿತ್ತು. ಹೀಗೆ ಇಟ್ಟರೆ ಯಾವ ಕಾಲದ ಯಾವ ವಸ್ತುವನ್ನೂ ಪಕ್ಕಪಕ್ಕದಲ್ಲಿ ನೋಡಬಹುದು.

ಫೋನ್, ಇಂಟರ್‌ನೆಟ್ ಯಾವ ಲೆಕ್ಕಕ್ಕೆ ಅನ್ನುವುದರ ಬಗ್ಗೆ ತಲೆ ಕೆಡಿಸಿಕೊಂಡವರು ನೀವೊಬ್ಬರೇ ಅಲ್ಲ. ಮನೆಖರ್ಚನ್ನು ವಿಂಗಡಿಸಲು ವಿಶ್ವಸಂಸ್ಥೆಯ ಒಂದು ವರ್ಗೀಕರಣ ಇದೆ, ಕಾಯ್ಕಾಪ್ ಅಂತಾರೆ. ಅದರ 1999ರ ಆವೃತ್ತಿಯಲ್ಲಿ ಟಿವಿ, ರೇಡಿಯೋ ಎಲ್ಲ 9ನೇ ವಿಭಾಗದಲ್ಲಿ, ಮನರಂಜನೆ ಮತ್ತು ಸಂಸ್ಕೃತಿಯ ಜೊತೆ ಇದ್ದವು. 2018ರ ಆವೃತ್ತಿಯಲ್ಲಿ ಅವನ್ನು 8ನೇ ವಿಭಾಗಕ್ಕೆ, ಫೋನ್ ಮತ್ತು ಇಂಟರ್‌ನೆಟ್ ಪಕ್ಕಕ್ಕೆ ತಂದು ಕೂರಿಸಿದರು. ಹಾಗಾಗಿ ಹಳೇ ವರದಿ, ಹೊಸ ವರದಿ ಎರಡನ್ನೂ ಹೋಲಿಸುವವರು ಯಾವುದು ಯಾವ ವಿಭಾಗದಲ್ಲಿದೆ ಅಂತ ಮೊದಲು ನೋಡಿಕೊಳ್ಳಬೇಕು.


ಉತ್ತರ: ಹಳೇಆಂಪ್ಲಿ

ಸೂಚ್ಯಂಕ ಸರ್ ಚೆನ್ನಾಗಿ ಹೇಳಿದ್ದಾರೆ. ನಾನು ರಿಪೇರಿ ಮಾಡುವವನು. ರೇಡಿಯೋ ಕಾಲದಿಂದ ಈ ಕೆಲಸದಲ್ಲಿದ್ದೇನೆ. ನನ್ನ ಮಾತು ಬೇರೆ ಕಡೆಯಿಂದ.

ಕೊಂಡ ದಿನದ ಬೆಲೆ ಬರೆದರೆ ಅರ್ಧ ಲೆಕ್ಕ ಮಾತ್ರ. ಆ ವಸ್ತು ಎಷ್ಟು ವರ್ಷ ಕೆಲಸ ಮಾಡಿತು ಅಂತ ಪಕ್ಕದಲ್ಲಿ ಬರೆಯಬೇಕು. ನಿಮ್ಮ ಅಪ್ಪನ ಪುಸ್ತಕದಲ್ಲಿ ಅದು ಸಿಗುತ್ತದೆ. ಹೊಸದು ತಂದ ತಾರೀಕು ನೋಡಿದರೆ ಹಳೆಯದು ಯಾವಾಗ ಮೂಲೆಗೆ ಹೋಯಿತು ಅಂತ ಗೊತ್ತಾಗುತ್ತದೆ. ಬೆಲೆ ಜೊತೆಗೆ ರಿಪೇರಿ ಸೇರಿಸಿ, ವರ್ಷದಿಂದ ಭಾಗಿಸಿ.

ಹಾಗೆ ಮಾಡಿದರೆ ಸ್ಪೀಕರ್ ಮತ್ತು ಆಂಪ್ಲಿಫೈಯರ್‌ನಷ್ಟು ಅಗ್ಗದ ವಸ್ತು ಇನ್ನೊಂದಿಲ್ಲ. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಒಳ್ಳೆಯ ಸ್ಪೀಕರ್ 40 ವರ್ಷ ಹಾಡುತ್ತದೆ. ವೂಫರ್, ಅಂದರೆ ಕೆಳದನಿ ಹಾಡುವ ದೊಡ್ಡ ಕೋನ್, ಅದರ ಸುತ್ತ ಫೋಮ್ ಅಂಚು ಇದ್ದರೆ 15-20 ವರ್ಷಕ್ಕೆ ಪುಡಿಯಾಗುತ್ತದೆ. ಅದನ್ನು ಬದಲಾಯಿಸಿದರೆ ಮತ್ತೆ ಅಷ್ಟೇ ವರ್ಷ ಬರುತ್ತದೆ. ರಬ್ಬರ್ ಅಂಚಾದರೆ ಇನ್ನೂ ಜಾಸ್ತಿ. ಆಂಪ್ಲಿಫೈಯರ್‌ನಲ್ಲಿ ಸೋಲುವುದು ಎಲೆಕ್ಟ್ರೋಲೈಟಿಕ್ ಕೆಪಾಸಿಟರ್, ವಾಲ್ಯೂಮ್ ಕಂಟ್ರೋಲ್, ರಿಲೇ. ಮೂರೂ ಬಿಡಿಯಾಗಿ ಸಿಗುತ್ತವೆ. ಸ್ಪೀಕರ್‌ಗೆ ಹೋಗುವುದು ಎರಡೇ ತಂತಿ, ಅದು ನಾನು ಕೆಲಸ ಕಲಿತಾಗಲೂ ಹಾಗೇ ಇತ್ತು, ಈಗಲೂ ಹಾಗೇ ಇದೆ. ಆಂಪ್ಲಿ ಹಿಂದಿನ ಕೆಂಪು-ಬಿಳಿ ಆರ್‌ಸಿಎ ಪಿನ್‌ಗೆ ಟೇಪ್ ಡೆಕ್ ಹಾಕುತ್ತಿದ್ದೆವು. ಆಮೇಲೆ ಸಿಡಿ ಪ್ಲೇಯರ್ ಹಾಕಿದೆವು. ಈಗ ಅದೇ ಪಿನ್‌ಗೆ ಒಂದು ಸಣ್ಣ ಸ್ಟ್ರೀಮಿಂಗ್ ಡಬ್ಬಿ ಹಾಕಿಕೊಡುತ್ತೇನೆ.

ಹಣ ತಿನ್ನುವುದು ಆಂಪ್ಲಿಗೆ ಹಾಡು ಕೊಡುವ ವಸ್ತುಗಳು. ಎಲ್‌ಪಿ 1948ರಲ್ಲಿ ಬಂತು. ಫಿಲಿಪ್ಸ್ ಕ್ಯಾಸೆಟ್ 1963ರಲ್ಲಿ. ಸಿಡಿ 1982ರಲ್ಲಿ, ಸೋನಿಯ ಮೊದಲ ಪ್ಲೇಯರ್ ಸಿಡಿಪಿ-101 ಜಪಾನಿನಲ್ಲಿ 1,68,000 ಯೆನ್‌ಗೆ. ಒಂದೇ ಹಾಡನ್ನು ಎಲ್‌ಪಿಯಲ್ಲಿ ಕೊಂಡವರು ಕ್ಯಾಸೆಟ್‌ನಲ್ಲಿ ಕೊಂಡರು, ಸಿಡಿಯಲ್ಲಿ ಕೊಂಡರು, ಈಗ ಚಂದಾ ಕಟ್ಟಿ ಕೇಳುತ್ತಿದ್ದಾರೆ. ಸಿನಿಮಾದಲ್ಲೂ ಇದೇ ಆಯಿತು. ವಿಎಚ್‌ಎಸ್ ಆಯಿತು, ಡಿವಿಡಿ ಆಯಿತು, 2006ರಲ್ಲಿ ಬ್ಲೂರೇ ಮತ್ತು ಎಚ್‌ಡಿ ಡಿವಿಡಿ ಎರಡೂ ಒಟ್ಟಿಗೆ ಬಂದವು. 2008ರ ಫೆಬ್ರುವರಿಯಲ್ಲಿ ತೋಶಿಬಾ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟಿತು. ಅದನ್ನು ಕೊಂಡವರ ಮನೆಯಲ್ಲಿ ಪ್ಲೇಯರ್ ಚೆನ್ನಾಗೇ ಇತ್ತು, ಹಾಕಲು ಹೊಸ ಡಿಸ್ಕ್ ಇರಲಿಲ್ಲ.

ಚಿತ್ರ, ಧ್ವನಿ ಎರಡೂ ಹಾಯುವ ಹೋಂ ಥಿಯೇಟರ್ ರಿಸೀವರ್ ಡಬ್ಬಿಗಳದ್ದು ನನಗೆ ತುಂಬಾ ಸಂಕಟ. ಒಳಗಿನ ಆಂಪ್ಲಿ ಗಟ್ಟಿಮುಟ್ಟಾಗಿರುತ್ತದೆ. ಆದರೆ 4ಕೆ ಚಿತ್ರಕ್ಕೆ ಎಚ್‌ಡಿಸಿಪಿ 2.2 ಅನ್ನುವ, ನಕಲು ತಡೆಯುವ ಬೀಗ ಬೇಕು. ಹಳೇ ರಿಸೀವರ್‌ನಲ್ಲಿ ಅದಿಲ್ಲ, ಆದ್ದರಿಂದ ಅದರ ಮೂಲಕ 4ಕೆ ಚಿತ್ರ ಹಾಯುವುದಿಲ್ಲ. ಜನ ಇಡೀ ರಿಸೀವರನ್ನೇ ಗುಜರಿಗೆ ಹಾಕುತ್ತಾರೆ. ದಯವಿಟ್ಟು ಹಾಕಬೇಡಿ. ಚಿತ್ರವನ್ನು ನೇರ ಟಿವಿಗೆ ಕೊಡಿ. ಟಿವಿಯ ಆಪ್ಟಿಕಲ್ ಔಟ್‌ನಿಂದ ಧ್ವನಿಯನ್ನು ರಿಸೀವರ್‌ಗೆ ತನ್ನಿ. ಒಂದು ಕೇಬಲ್ಲಿನ ಖರ್ಚಲ್ಲಿ ಮುಗಿಯುತ್ತದೆ.

ಸ್ಮಾರ್ಟ್ ಟಿವಿಯೂ ಹಾಗೇ. ಪ್ಯಾನೆಲ್ ಕೆಡುವ ಮೊದಲೇ ಅದರ ಸಾಫ್ಟ್‌ವೇರ್ ಹಳತಾಗುತ್ತದೆ. ಆಪ್ ಓಪನ್ ಆಗುವುದಿಲ್ಲ, ಅದಕ್ಕೆ ಟಿವಿ ಹಾಳಾಯಿತು ಅಂತ ತಂದುಕೊಡುತ್ತಾರೆ. ಎಚ್‌ಡಿಎಂಐ ಸ್ಟಿಕ್ ಒಂದು ಹಾಕಿದರೆ ಆಯಿತು. ಪರದೆ ಕಪ್ಪಾಗಿ ಧ್ವನಿ ಮಾತ್ರ ಬರುತ್ತಿದ್ದರೆ ಬಹಳ ಸಲ ಹೋಗಿರುವುದು ಬ್ಯಾಕ್‌ಲೈಟ್ ಎಲ್‌ಇಡಿ ಪಟ್ಟಿ. ಕತ್ತಲಲ್ಲಿ ಪರದೆಗೆ ಟಾರ್ಚ್ ಬಿಟ್ಟು ನೋಡಿ, ಚಿತ್ರ ಮಸುಕಾಗಿ ಕಂಡರೆ ಅದೇ. ಅದನ್ನು ಬದಲಾಯಿಸಬಹುದು. ಪ್ಯಾನೆಲ್ ಒಡೆದರೆ ಮಾತ್ರ ರಿಪೇರಿಗೆ ಅರ್ಥವಿಲ್ಲ, ಯಾಕೆಂದರೆ ಟಿವಿಯ ಬೆಲೆಯಲ್ಲಿ ದೊಡ್ಡ ಪಾಲು ಅದರದ್ದೇ.


ಲೆಕ್ಕದಪುಸ್ತಕ:

ಇಬ್ಬರಿಗೂ ತುಂಬಾ ಧನ್ಯವಾದ. ನೀವು ಹೇಳಿದಂತೆ ಎಲ್ಲವನ್ನೂ ದುಡಿಮೆಯ ದಿನಕ್ಕೆ ಇಳಿಸಿ, ಬಾಳಿಕೆಯ ವರ್ಷಗಳಿಗೆ ಹಂಚಿ ಮತ್ತೆ ಬರೆದೆ. ಈಗ ಪಟ್ಟಿಯ ಮುಖವೇ ಬೇರೆ.

ಕಲರ್ ಟಿವಿ ನಾನಂದುಕೊಂಡಷ್ಟು ದುಬಾರಿ ಅಲ್ಲ! ಅದು 17 ವರ್ಷ ನಡೆದಿದೆ. ಮೂರು ದೊಡ್ಡ ರಿಪೇರಿ ಸೇರಿಸಿದರೂ ವರ್ಷಕ್ಕೆ 4-5 ದಿನದ ದುಡಿಮೆ. ಅದರ ನಂತರದ ಎಲ್‌ಇಡಿ ಟಿವಿ ಅದಕ್ಕಿಂತ ತುಂಬಾ ಅಗ್ಗಕ್ಕೆ ಬಂತು, ಆದರೆ ಬೇಗ ಬದಲಾಯಿಸಿದೆವು. ಆದರೂ ವರ್ಷಕ್ಕೆ ಒಂದು ದಿನದ ದುಡಿಮೆ ಸುತ್ತಮುತ್ತ ಬರುತ್ತದೆ. ಅಂದರೆ ಪೆಟ್ಟಿಗೆ ನಿಜವಾಗಿಯೂ ಅಗ್ಗವಾಗಿದೆ, ಅದನ್ನು ಈಗ ಒಪ್ಪುತ್ತೇನೆ.

ನನಗೆ ಆಶ್ಚರ್ಯ ಆಗಿದ್ದು ಕ್ಯಾಸೆಟ್ ಮತ್ತು ಡಿಸ್ಕ್‌ಗಳ ಕಾಲ. ಟೇಪ್ ರೆಕಾರ್ಡರ್‌ಗಿಂತ ಕ್ಯಾಸೆಟ್‌ಗಳಿಗೇ ಜಾಸ್ತಿ ಹೋಗಿದೆ. ಸಿಡಿ, ಡಿವಿಡಿಯಲ್ಲಿ ಇನ್ನೂ ಜಾಸ್ತಿ. ಒಂದೊಂದೂ ಸಣ್ಣ ಮೊತ್ತ, ಆದ್ದರಿಂದ ಯಾವತ್ತೂ ಕಣ್ಣಿಗೆ ಬಿದ್ದಿರಲಿಲ್ಲ. ವಿಡಿಯೋ ಬಾಡಿಗೆಯ ಸಾಲುಗಳನ್ನು ಕೂಡಿಸಿದರೆ ವಿಸಿಆರ್ ಬೆಲೆಯನ್ನು ದಾಟುತ್ತದೆ. ಅಂದಮೇಲೆ ತಿಂಗಳ ಖರ್ಚು ಅನ್ನುವುದು ಓಟಿಟಿ ಬಂದ ಮೇಲೆ ಶುರುವಾಗಿದ್ದೇನಲ್ಲ ಅಲ್ವಾ?

ಒಂದು ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಡಿಸ್ಕ್‌ಗಳ ಕಾಲ ಮುಗಿದ ಮೇಲೆ ಕೆಲವು ವರ್ಷ ಖರ್ಚು ಪಾತಾಳಕ್ಕೆ ಇಳಿದಿದೆ. ಆಮೇಲೆ ಮೆಲ್ಲಗೆ ಏರುತ್ತಾ ಬಂದು ಈಗ ಡಿಸ್ಕ್ ಕಾಲದ ಮಟ್ಟವನ್ನೂ ದಾಟಿದೆ. ಚಂದಾ ಒಂದರಿಂದಲೇ ಇಷ್ಟು ಏರಿಕೆ ಆಗಿಲ್ಲ.


ಉತ್ತರ: ಸೂಚ್ಯಂಕ

ಹೌದು, ಮತ್ತೆ ಮತ್ತೆ ಹಣ ಕಟ್ಟುವುದು ಬಹಳ ಹಳೆಯದು. ಬ್ರಿಟನ್ನಿನಲ್ಲಿ 1922ರಿಂದಲೇ ರೇಡಿಯೋ ಕೇಳಲು ವರ್ಷಕ್ಕೆ 10 ಶಿಲ್ಲಿಂಗ್ ಲೈಸೆನ್ಸ್ ಇತ್ತು. 1946ರಲ್ಲಿ ಟಿವಿ ಸೇರಿದ ಲೈಸೆನ್ಸ್ 2 ಪೌಂಡ್. 1968ರಲ್ಲಿ ಕಲರ್ ಟಿವಿಗೆ 10 ಪೌಂಡ್. ಅಲ್ಲಿ ಬಹಳಷ್ಟು ಮನೆಗಳು ಟಿವಿಯನ್ನು ಕೊಳ್ಳುತ್ತಲೇ ಇರಲಿಲ್ಲ, ಬಾಡಿಗೆಗೆ ತರುತ್ತಿದ್ದವು. ಕೆಟ್ಟರೆ ಬಾಡಿಗೆ ಕಂಪನಿಯೇ ಬಂದು ಸರಿಮಾಡಬೇಕಿತ್ತು, ಅದೇ ಜನರಿಗೆ ಬೇಕಾಗಿದ್ದು. ವಿಡಿಯೋ ಬಾಡಿಗೆಗೂ ಬೆಲೆಯೇ ಕಾರಣ. ವಿಎಚ್‌ಎಸ್ ಶುರುವಿನ ವರ್ಷಗಳಲ್ಲಿ ಅಮೆರಿಕದಲ್ಲಿ ಒಂದು ಸಿನಿಮಾ ಟೇಪಿನ ಬೆಲೆ 80 ಡಾಲರ್‌ವರೆಗೂ ಇರುತ್ತಿತ್ತು. ಮನೆಯವರು ಅಷ್ಟು ಕೊಟ್ಟು ಕೊಳ್ಳಲಾರರು, ಅಂಗಡಿಯವರು ಕೊಂಡು ಬಾಡಿಗೆಗೆ ಬಿಟ್ಟರು. ಡಿವಿಡಿಯ ಬೆಲೆಯನ್ನು ಮೊದಲಿಂದಲೇ ಮನೆಯವರು ಕೊಳ್ಳುವಂತೆ ಇಟ್ಟರು. ನಿಮ್ಮ ಪುಸ್ತಕದಲ್ಲಿ ಬಾಡಿಗೆ ಸಾಲು ನಿಂತು ಡಿವಿಡಿ ಸಾಲು ಶುರುವಾಗಿರುವುದು ಅದರಿಂದಲೇ.


ಉತ್ತರ: ಮೂರುಕಿವಿ

ನಾನು ಲೆಕ್ಕಪತ್ರದವಳಲ್ಲ, ಮನೆ ನಡೆಸುವವಳು. ಆದರೆ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ನನ್ನ ಮನೆಯಲ್ಲೇ ಕಾಣುತ್ತಿದೆ ಅಣ್ಣಾ. ನಿಮ್ಮ ಪಟ್ಟಿಯಲ್ಲಿ ಬೆಲೆ ಇದೆ, ವರ್ಷ ಇದೆ, ತಲೆ ಇಲ್ಲ. ಅಪ್ಪನ ಕಾಲದಲ್ಲಿ ಟಿವಿ ಮನೆಗೆ ಒಂದು, ಟೇಪ್ ರೆಕಾರ್ಡರ್ ಮನೆಗೆ ಒಂದು. ಈಗ ತಲೆಗೊಂದು.

ನಮ್ಮ ಮನೆಯನ್ನೇ ತಗೊಳ್ಳಿ. ಟಿವಿ ಒಂದೇ ಇದೆ. ಆದರೆ ಇಯರ್‌ಬಡ್ ಎಲ್ಲರಿಗೂ ಬೇರೆ ಬೇರೆ. ಒಂದು ಟ್ಯಾಬ್ಲೆಟ್ ಮಕ್ಕಳದ್ದು. ಬ್ಲೂಟೂತ್ ಸ್ಪೀಕರ್ ಎರಡು ರೂಮಿನಲ್ಲಿ. ಇವುಗಳ ಒಳಗಿನ ಲಿಥಿಯಂ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ. ಇಯರ್‌ಬಡ್‌ನಲ್ಲಿ ಅದನ್ನು ಬಿಚ್ಚಿ ಹಾಕುವ ಹಾಗಿಲ್ಲ, ಅಂಟು ಹಾಕಿ ಮುಚ್ಚಿರುತ್ತಾರೆ. ಹಾಗಾಗಿ ಪ್ರತಿ ಸಲ ಇಡೀ ಜೊತೆ ಹೊಸದು. ಹಳೇಆಂಪ್ಲಿ ಅವರ ಸ್ಪೀಕರ್ 40 ವರ್ಷ ಅಂದರಲ್ಲ, ಅಷ್ಟು ವರ್ಷಕ್ಕೆ ಇಯರ್‌ಬಡ್ ಎಷ್ಟು ಜೊತೆ ಬೇಕು ಅಂತ ಲೆಕ್ಕ ಹಾಕಿ, ಅದನ್ನು ಮನೆಯ ಜನರಿಂದ ಗುಣಿಸಿ. ನನಗೆ ಗೊತ್ತಿದ್ದ ಮಟ್ಟಿಗೆ ಇದು ಶುರುವಾದದ್ದು 1979ರ ಸೋನಿ ವಾಕ್‌ಮನ್‌ನಿಂದ. ಅಲ್ಲಿಯವರೆಗೆ ಹಾಡು ಇಡೀ ಮನೆಗೆ ಕೇಳುತ್ತಿತ್ತು.

ಇದು ಬೇಡದ ಖರ್ಚು ಅಂತ ನಾನು ಹೇಳುವುದಿಲ್ಲ. ಅತ್ತೆಗೆ ಕಿವಿ ಮಂದ. ಎಲ್ಲರ ಜೊತೆ ಟಿವಿ ನೋಡುವಾಗ ಅವರಿಗೆ ಮಾತು ತಿಳಿಯುತ್ತಿರಲಿಲ್ಲ. ವೈರ್‌ಲೆಸ್ ಹೆಡ್‌ಫೋನ್ ಕೊಟ್ಟ ಮೇಲೆ ಅವರು ಧಾರಾವಾಹಿಯ ಒಂದೊಂದು ಮಾತನ್ನೂ ನನಗೆ ತಿರುಗಿ ಹೇಳುತ್ತಾರೆ. ಆ ಹೆಡ್‌ಫೋನ್‌ಗೆ ಕೊಟ್ಟದ್ದು ಜಾಸ್ತಿ ಅಂತ ಒಂದು ದಿನವೂ ಅನಿಸಿಲ್ಲ.

ಚಂದಾ ವಿಷಯ. ಹಾಡಿನ ಚಂದಾ ಬೇರೆ, ಸಿನಿಮಾದ ಚಂದಾ ಬೇರೆ, ಎರಡನ್ನೂ ಒಂದೇ ಕಾಲಂನಲ್ಲಿ ಹಾಕಬೇಡಿ. ಹಾಡಿನದ್ದು ಯಾವ ಸೇವೆ ತಗೊಂಡರೂ ಹೆಚ್ಚುಕಡಿಮೆ ಎಲ್ಲ ಹಾಡೂ ಸಿಗುತ್ತವೆ. ಆದ್ದರಿಂದ ಮನೆಗೆ ಒಂದು ಸಾಕು, ಬೆಲೆಯೂ ಮೆಲ್ಲಗೆ ಏರುತ್ತದೆ. ಸ್ಪಾಟಿಫೈ ಅಮೆರಿಕದಲ್ಲಿ 2011ರಿಂದ 2023ರವರೆಗೆ ತಿಂಗಳಿಗೆ 9.99 ಡಾಲರ್‌ನಲ್ಲೇ ಇತ್ತು. ಸಿನಿಮಾದಲ್ಲಿ ಹಾಗಲ್ಲ. ಒಂದು ಸರಣಿ ಒಂದು ಕಡೆ, ಇನ್ನೊಂದು ಇನ್ನೊಂದು ಕಡೆ, ಆಟ ಮೂರನೇ ಕಡೆ. ಒಂದು ಸೇವೆ ಇನ್ನೊಂದರ ಜಾಗ ತುಂಬುವುದಿಲ್ಲ, ಹಾಗಾಗಿ ಚಂದಾಗಳು ಸೇರುತ್ತಾ ಹೋಗುತ್ತವೆ. ನೆಟ್‌ಫ್ಲಿಕ್ಸ್ 2010ರ ಕೊನೆಗೆ ಅಮೆರಿಕದಲ್ಲಿ ಸ್ಟ್ರೀಮಿಂಗ್ ಮಾತ್ರದ ಪ್ಲಾನ್ ತಂದಾಗ 7.99 ಡಾಲರ್. 2025ರ ಜನವರಿಯಲ್ಲಿ ಅಲ್ಲಿನ ಸ್ಟ್ಯಾಂಡರ್ಡ್ ಪ್ಲಾನ್ 17.99. ನಡುವೆ 2022ರ ನವೆಂಬರ್‌ನಲ್ಲಿ ಜಾಹೀರಾತು ಬರುವ ಅಗ್ಗದ ಪ್ಲಾನ್ ತಂದರು. ನಿಮ್ಮ ಖರ್ಚು ಪಾತಾಳಕ್ಕೆ ಇಳಿದಿದ್ದ ಆ ಕೆಲವು ವರ್ಷಗಳು, ಡಿಸ್ಕ್ ಕೊಳ್ಳುವುದು ನಿಂತು ಚಂದಾಗಳು ಇನ್ನೂ ಒಂದೋ ಎರಡೋ ಇದ್ದ ಕಾಲ ಇರಬೇಕು, ನೋಡಿ.

ನಾನು ಮಾಡುವುದು ಇಷ್ಟು. ಹಾಡಿನ ಚಂದಾ ವರ್ಷವಿಡೀ, ಫ್ಯಾಮಿಲಿ ಪ್ಲಾನ್. ಸಿನಿಮಾದ್ದು ಒಂದು ಸಲಕ್ಕೆ ಒಂದೇ. ನೋಡಬೇಕಾದ್ದರ ಚೀಟಿ ಫ್ರಿಜ್ ಮೇಲೆ ಇರುತ್ತದೆ, ಎಲ್ಲರೂ ಬರೆಯುತ್ತಾರೆ. ಒಂದು ಸೇವೆಯ ಹೆಸರಿನ ಕೆಳಗೆ ಸಾಕಷ್ಟು ಸೇರಿದ ಮೇಲೆ ಆ ತಿಂಗಳು ಅದನ್ನು ತಗೊಳ್ಳುತ್ತೇವೆ, ಕಟ್ಟಿದ ದಿನವೇ ಆಟೋ-ರಿನ್ಯೂ ತೆಗೆದುಬಿಡುತ್ತೇನೆ. ತೆಗೆದರೂ ತಿಂಗಳು ಮುಗಿಯುವವರೆಗೆ ನೋಡಬಹುದು.


ಉತ್ತರ: ಹಳೇಆಂಪ್ಲಿ

ಮೇಡಂ ಹೇಳಿದ್ದು ಸರಿ. ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಕೂತು ಕೇಳುವವರು ತಂತಿ ಇರುವ ಹೆಡ್‌ಫೋನ್ ತಗೊಳ್ಳಿ. ಬ್ಯಾಟರಿ ಇಲ್ಲ. ಸೋಲುವುದು ಕೇಬಲ್ ಮತ್ತು ಕಿವಿಯ ಮೆತ್ತೆ, ಎರಡನ್ನೂ ಬದಲಾಯಿಸಬಹುದಾದ ಮಾಡೆಲ್ ನೋಡಿ ತಗೊಳ್ಳಿ. ಓಡಾಡುವವರಿಗೆ ಮಾತ್ರ ಬಡ್ ಸಾಕು. ಮನೆಯಲ್ಲಿ ಅರ್ಧ ಜನ ಕೂತು ಕೇಳುವವರೇ ಇರುತ್ತಾರೆ.


ಉತ್ತರ: ಸೂಚ್ಯಂಕ

ಇಂಟರ್‌ನೆಟ್ ಪ್ರಶ್ನೆ ಬಾಕಿ ಉಳಿದಿದೆ. ನಾನಾಗಿದ್ದರೆ ಇಡೀ ಬಿಲ್ ಸೇರಿಸುವುದಿಲ್ಲ, ಪೂರ್ತಿ ಬಿಡುವುದೂ ಇಲ್ಲ. ಮನೆಯಲ್ಲಿ ಯಾರೂ ವಿಡಿಯೋ ನೋಡದೆ ಬರೀ ಕೆಲಸ, ಓದು, ಬ್ಯಾಂಕು, ಫೋನು ಅಂತ ಇದ್ದರೆ ಯಾವ ಪ್ಲಾನ್ ಸಾಕಾಗುತ್ತಿತ್ತು ನೋಡಿ. ಅದಕ್ಕೂ ನೀವು ಈಗ ಕಟ್ಟುವ ಪ್ಲಾನ್‌ಗೂ ಇರುವ ವ್ಯತ್ಯಾಸವನ್ನು ಮಾತ್ರ ಇಲ್ಲಿ ಬರೆಯಿರಿ. ಇನ್ನೊಂದು ಅಳತೆ: 4ಕೆ ಸ್ಟ್ರೀಮ್ ಒಂದಕ್ಕೆ ಸೆಕೆಂಡಿಗೆ 15ರಿಂದ 25 ಮೆಗಾಬಿಟ್ ಸಾಕು. ಒಟ್ಟಿಗೆ ಮೂರು ಕಡೆ ನೋಡಿದರೂ 75 ದಾಟುವುದಿಲ್ಲ. ಅದಕ್ಕಿಂತ ತುಂಬಾ ಮೇಲಿನ ಪ್ಲಾನ್ ಕಟ್ಟುತ್ತಿದ್ದರೆ ಆ ಹೆಚ್ಚಿನ ಹಣ ಸಿನಿಮಾಕ್ಕೆ ಹೋಗುತ್ತಿಲ್ಲ.

ಫೋನಿಗೂ ಅದೇ ರೀತಿ. ಹಾಡು, ವಿಡಿಯೋಗಾಗಿಯೇ ಜಾಸ್ತಿ ಸ್ಟೋರೇಜ್ ಅಥವಾ ದೊಡ್ಡ ಪರದೆಯದ್ದು ತಗೊಂಡಿದ್ದರೆ ಆ ಹೆಚ್ಚುವರಿ ಮೊತ್ತ ಮಾತ್ರ. ಉಳಿದದ್ದು ಫೋನಿನ ಲೆಕ್ಕಕ್ಕೆ.


ಲೆಕ್ಕದಪುಸ್ತಕ:

ಮೂರುಕಿವಿ ಅವರೇ, ನೀವು ಹೇಳಿದಂತೆ ತಲೆಯ ಕಾಲಂ ಸೇರಿಸಿದ ತಕ್ಷಣ ಏರಿಕೆ ಎಲ್ಲಿಂದ ಬಂತು ಅಂತ ಕಂಡಿತು. ನಾನು ಇಯರ್‌ಬಡ್, ಟ್ಯಾಬ್ಲೆಟ್‌ಗಳನ್ನು ಒಂದೊಂದು ಸಾಲಾಗಿ ಅಲ್ಲಲ್ಲಿ ಬರೆದಿದ್ದೆ. ಒಟ್ಟು ಮಾಡಿದರೆ ಈ 6 ವರ್ಷದಲ್ಲಿ ಅವುಗಳ ಮೊತ್ತ ಟಿವಿಯ ಬೆಲೆಯ ಎರಡರಷ್ಟು ಹತ್ತಿರ ಬರುತ್ತದೆ. ಖರ್ಚು ಪಾತಾಳಕ್ಕೆ ಇಳಿದ ವರ್ಷಗಳನ್ನೂ ನೋಡಿದೆ, ಒಂದೇ ಒಂದು ಚಂದಾ ಇದ್ದ ಕಾಲ ಅದು.

ಮುಂದಿನ 10 ವರ್ಷದ ಬಜೆಟ್ ಹೀಗೆ ಹಾಕಿದ್ದೇನೆ. ಟಿವಿಗೆ ಒಂದು ಸಲ ಬದಲಾವಣೆ, ಅದೂ ಪ್ಯಾನೆಲ್ ಹೋದರೆ ಮಾತ್ರ. ಈಗಿರುವ ಸ್ಪೀಕರ್ ಇಟ್ಟುಕೊಳ್ಳುತ್ತೇವೆ, ಫೋಮ್ ಬದಲಾಯಿಸಲು ಒಂದು ಸಣ್ಣ ಮೊತ್ತ. ಅಮ್ಮನಿಗೆ ಮತ್ತು ನನಗೆ ತಂತಿಯ ಹೆಡ್‌ಫೋನ್. ಮಕ್ಕಳ ಬಡ್‌ಗಳಿಗೆ 3 ವರ್ಷಕ್ಕೊಮ್ಮೆ. ಹಾಡಿನ ಚಂದಾ ಒಂದು, ಸಿನಿಮಾದ್ದು ಒಂದು ಸಲಕ್ಕೆ ಒಂದು. ಎಲ್ಲ ಸೇರಿ ವರ್ಷಕ್ಕೆ 6 ದಿನದ ದುಡಿಮೆ ಆಗುತ್ತದೆ, ಇಂಟರ್‌ನೆಟ್ಟಿನ ವ್ಯತ್ಯಾಸವೂ ಅದರಲ್ಲೇ ಇದೆ.

ಹಳೇಆಂಪ್ಲಿ ಸರ್, ಇನ್ನೊಂದು ಕೇಳಬೇಕು. ಅಪ್ಪನ ಕ್ಯಾಸೆಟ್‌ಗಳು ಒಂದು ಪೆಟ್ಟಿಗೆ ತುಂಬ ಇವೆ. ಅದರಲ್ಲಿ ಮನೆಯವರ ಧ್ವನಿ ರೆಕಾರ್ಡ್ ಮಾಡಿದ್ದೂ ಇವೆ, ಅವು ಯಾವ ಚಂದಾದಲ್ಲೂ ಸಿಗುವುದಿಲ್ಲ. ಡೆಕ್ ಆನ್ ಆಗುತ್ತದೆ, ಟೇಪ್ ತಿರುಗುವುದಿಲ್ಲ. ಬೆಲ್ಟ್ ಹಾಕಿಸಿ ಕಂಪ್ಯೂಟರ್‌ಗೆ ಇಳಿಸಬೇಕು ಅಂತಿದ್ದೇನೆ. ಬೆಲ್ಟ್ ಬಿಟ್ಟು ಇನ್ನೇನು ನೋಡಿಸಬೇಕು?


ಉತ್ತರ: ಹಳೇಆಂಪ್ಲಿ

ಪಿಂಚ್ ರೋಲರ್, ಅಂದರೆ ಟೇಪನ್ನು ಒತ್ತಿ ಎಳೆಯುವ ರಬ್ಬರ್ ಚಕ್ರ, ಅದನ್ನು ನೋಡಿಸಿ. ರಬ್ಬರ್ ಗಟ್ಟಿಯಾಗಿ ಹೊಳೆಯುತ್ತಿದ್ದರೆ ಅದನ್ನೂ ಬದಲಾಯಿಸಿ, ಇಲ್ಲದಿದ್ದರೆ ಟೇಪ್ ತಿನ್ನುತ್ತದೆ. ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಮನೆಯವರ ಧ್ವನಿಯ ಕ್ಯಾಸೆಟ್ ಮೊದಲು ಹಾಕಬೇಡಿ, ಬೇಡದ ಒಂದು ಕ್ಯಾಸೆಟ್ ಹಾಕಿ ಎರಡೂ ಕಡೆ ಪೂರ್ತಿ ಓಡಿಸಿ ನೋಡಿ. ಕ್ಯಾಸೆಟ್ ಒಳಗಿನ ಸಣ್ಣ ಒತ್ತು ಪ್ಯಾಡ್ ಬಿದ್ದುಹೋಗಿದ್ದರೆ ಟೇಪನ್ನು ಬೇರೆ ಸ್ಕ್ರೂ ಇರುವ ಕವಚಕ್ಕೆ ಹಾಕಿಕೊಳ್ಳಿ. ಇಳಿಸುವಾಗ ಎಂಪಿ3 ಬೇಡ, ಧ್ವನಿ ಕಳೆದುಕೊಳ್ಳದ ವೇವ್ ಅಥವಾ ಫ್ಲಾಕ್‌ನಲ್ಲಿ ಇಟ್ಟುಕೊಳ್ಳಿ. ಟೇಪಿನ ಸುಯ್ ಸದ್ದು ತಗ್ಗಿಸುವ ಡಾಲ್ಬಿ ಹಾಕಿ ರೆಕಾರ್ಡ್ ಮಾಡಿದ್ದರೆ ಕ್ಯಾಸೆಟ್ ಮೇಲೆ ಗುರುತು ಇರುತ್ತದೆ, ಅದಕ್ಕೆ ತಕ್ಕಂತೆ ಡೆಕ್‌ನಲ್ಲೂ ಆನ್ ಮಾಡಿ.